ಜಾವಾದಲ್ಲಿ ಬರೆದ ಕಂಬಳದ ಆಟವನ್ನು ಕನ್ಸೋಲಿಗೆ ಒಯ್ಯಬಹುದೇ?

ಪ್ರಶ್ನೆ (ಉಡುಪಿಯ ವಿದ್ಯಾರ್ಥಿ):
ನಮಸ್ಕಾರ ಸರ್. ನಾನು ಎಂಜಿನಿಯರಿಂಗ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ನಾವು ಮೂವರು ಗೆಳೆಯರು ಸೇರಿ ಜಾವಾ ಮತ್ತು ಆಟ ಕಟ್ಟಲು ನೆರವಾಗುವ ಲಿಬ್‌ಜಿಡಿಎಕ್ಸ್ ಎಂಬ ಜಾವಾ ಲೈಬ್ರರಿ ಬಳಸಿ ಕಂಬಳದ ಆಟವೊಂದನ್ನು ಮಾಡುತ್ತಿದ್ದೇವೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಆದರೆ ನೀರನ್ನು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆಯ ಓಟದಲ್ಲಿ, ನೀರು ಮೇಲೆ ಕಟ್ಟಿದ ನಿಶಾನೆಯತ್ತ ಚಿಮ್ಮುವ ಹೊತ್ತಿಗೆ ಸರಿಯಾಗಿ ಚಿತ್ರ ಅರೆಕ್ಷಣ ತಡೆದು ನಿಲ್ಲುತ್ತದೆ. ಮುಂದೆ ಇದನ್ನು ಪ್ಲೇಸ್ಟೇಷನ್ ಮತ್ತು ನಿಂಟೆಂಡೊ ಸ್ವಿಚ್‌ಗೆ ತರಬೇಕೆಂಬ ಆಸೆಯಿದೆ. ಜಾವಾ ನಿಧಾನ, ಆದ್ದರಿಂದ ಕನ್ಸೋಲಿಗೆ ಆಗದು ಎಂದು ಸೀನಿಯರ್ ಒಬ್ಬರು ಹೇಳಿದರು. ಇದು ನಿಜವೇ?

ಉತ್ತರ (ಮಂಗಳೂರಿನ ಗೇಮ್ ಎಂಜಿನಿಯರ್):
ಕನ್ಸೋಲಿಗೆ ಆಗದು ಎಂಬುದು ಬಹುಮಟ್ಟಿಗೆ ಸರಿ, ಆದರೆ ಅವರು ಕೊಟ್ಟ ಕಾರಣ ಸರಿಯಲ್ಲ. ನಿಮ್ಮ ಆಟಕ್ಕೆ ಬೇಕಾದ ವೇಗ ಜಾವಾಕ್ಕೆ ಧಾರಾಳವಾಗಿ ಇದೆ. ಜಾವಾ ಓಡಬೇಕಾದರೆ ಕೆಳಗೆ ಅದನ್ನು ಓಡಿಸುವ ಜೆವಿಎಂ (ಜಾವಾ ವರ್ಚುವಲ್ ಮೆಷೀನ್) ಎಂಬ ತಂತ್ರಾಂಶ ಇರಬೇಕು, ಮತ್ತು ಕನ್ಸೋಲ್ ಕಂಪೆನಿಗಳು ಆಟ ತಯಾರಕರಿಗೆ ಕೊಡುವ ಕಿಟ್‌ಗಳು ಮುಖ್ಯವಾಗಿ ಸಿ++ ಅನ್ನು ನಂಬಿಕೊಂಡಿವೆ. ಅವುಗಳಲ್ಲಿ ಆಟಗಳಿಗಾಗಿ ಜೆವಿಎಂ ಬರುವುದಿಲ್ಲ. ನಾವೇ ಒಂದನ್ನು ಒಯ್ದು ಇಡೋಣವೆಂದರೆ, ಜೆವಿಎಂ ತನ್ನ ವೇಗವನ್ನು ಪಡೆಯುವುದೇ ಆಟ ನಡೆಯುತ್ತಿರುವಾಗ ಹೊಸ ಯಂತ್ರಸಂಕೇತವನ್ನು ತಯಾರಿಸಿ ಓಡಿಸುವುದರಿಂದ, ಮತ್ತು ಭದ್ರತೆಯ ದೃಷ್ಟಿಯಿಂದ ಕನ್ಸೋಲ್‌ಗಳು ಸಾಮಾನ್ಯವಾಗಿ ಆಟಗಳಿಗೆ ಆ ಅವಕಾಶವನ್ನು ಕೊಡುವುದಿಲ್ಲ. ಪ್ಲೇಸ್ಟೇಷನ್ 3ರಲ್ಲಿ ಬ್ಲೂ-ರೇ ಡಿಸ್ಕಿನ ಮೆನುಗಳಿಗಾಗಿ ಜಾವಾ ಇತ್ತು, ಆದರೆ ಅದು ಸಿನಿಮಾ ನೋಡುವವರ ಅನುಕೂಲಕ್ಕೆ ಮಾತ್ರ.

ನಿಮ್ಮ ತಡೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದು ಲ್ಯಾಪ್‌ಟಾಪಿನಲ್ಲೇ ಸರಿಯಾಗಬೇಕಾದ ತೊಂದರೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ ಸಿಗುವುದು ಸುಮಾರು 16.6 ಮಿಲಿಸೆಕೆಂಡ್. ಕೋಣಗಳು ಕರೆಯಲ್ಲಿ (ಓಟದ ಕೆಸರುಗದ್ದೆಯಲ್ಲಿ) ಓಡುವಾಗ ಚಿಮ್ಮುವ ಪ್ರತಿ ಹನಿಗೂ ನೀವು ಹೊಸ ಆಬ್ಜೆಕ್ಟ್ ಸೃಷ್ಟಿಸುತ್ತಿದ್ದೀರಿ ಎಂದು ನನ್ನ ಊಹೆ. ಹನಿ ಕೆಳಗೆ ಬಿದ್ದ ಕೂಡಲೇ ಅದು ಕಸವಾಗುತ್ತದೆ, ಕಸ ಒಟ್ಟಾದಾಗ ಗಾರ್ಬೇಜ್ ಕಲೆಕ್ಟರ್ ಆಟವನ್ನು ನಿಲ್ಲಿಸಿ ಗುಡಿಸಲು ತೊಡಗುತ್ತದೆ. ಐನೂರು ಹನಿಗಳನ್ನು ಮೊದಲೇ ಮಾಡಿಟ್ಟು, ಬಿದ್ದ ಹನಿಯನ್ನೇ ಎತ್ತಿ ಮತ್ತೆ ಚಿಮ್ಮಿಸಿ. ಲಿಬ್‌ಜಿಡಿಎಕ್ಸ್‌ನಲ್ಲಿ ಇದಕ್ಕೆಂದೇ ಪೂಲ್ ಎಂಬ ಕ್ಲಾಸ್ ಇದೆ. ಅದರ ನಂತರವೂ ತಡೆ ಉಳಿದರೆ ಜಾವಾದಲ್ಲೇ ಇರುವ ಝಡ್‌ಜಿಸಿ ಎಂಬ ಇನ್ನೊಂದು ಗಾರ್ಬೇಜ್ ಕಲೆಕ್ಟರ್ ಬಳಸಿ ನೋಡಿ. ಜಾವಾ 16ರಿಂದ ಅದರ ತಡೆ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ.

ಮರುಪ್ರಶ್ನೆ:
ತುಂಬಾ ಉಪಕಾರವಾಯಿತು ಸರ್. ಹಾಗಾದರೆ ಮೈನ್‌ಕ್ರಾಫ್ಟ್ ಕನ್ಸೋಲಿಗೆ ಹೇಗೆ ಬಂತು? ಅದು ಜಾವಾದಲ್ಲೇ ಹುಟ್ಟಿದ್ದಲ್ಲವೇ?

ಉತ್ತರ:
ಹುಟ್ಟಿದ್ದು ಜಾವಾದಲ್ಲಿ, 2009ರಲ್ಲಿ. ಆದರೆ 2012ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದದ್ದು ಫೋರ್‌ಜೆ ಸ್ಟುಡಿಯೋಸ್ ಸಿ++ನಲ್ಲಿ ಹೊಸದಾಗಿ ಬರೆದ ಆವೃತ್ತಿ. ಇಂದಿಗೂ ಕನ್ಸೋಲಿನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿ ಸಿ++ನದ್ದೇ. ಸ್ಲೇ ದ ಸ್ಪೈರ್ ನಿಮ್ಮ ಹಾಗೆಯೇ ಜಾವಾ ಮತ್ತು ಲಿಬ್‌ಜಿಡಿಎಕ್ಸ್‌ನಲ್ಲಿ ಬರೆದ ಆಟ, ಪಿಸಿಯಲ್ಲಿ ಬಹಳ ದೊಡ್ಡ ಹೆಸರು ಮಾಡಿತು. ಎರಡನೆಯ ಭಾಗಕ್ಕೆ ಅದೇ ತಂಡ ಜಾವಾವನ್ನು ಬಿಟ್ಟು ಗೊಡೋ ಎಂಬ ಗೇಮ್ ಎಂಜಿನ್ನನ್ನು ಆರಿಸಿಕೊಂಡಿತು.

ಹಾಗೆಂದು ಈಗಲೇ ಎಲ್ಲವನ್ನೂ ಕೆಡವಬೇಡಿ. ಅಂತಿಮ ವರ್ಷದಲ್ಲಿ ಮೂವರು ಸೇರಿ ಒಂದು ಆಟವನ್ನು ಮುಗಿಸುವುದು ದೊಡ್ಡ ಕೆಲಸ, ಮತ್ತು ಮುಗಿದ ಆಟವನ್ನು ಇನ್ನೊಂದು ಭಾಷೆಗೆ ತಿರುಗಿಸುವುದು ಅರ್ಧ ಮುಗಿದದ್ದನ್ನು ತಿರುಗಿಸುವುದಕ್ಕಿಂತ ಎಷ್ಟೋ ಸುಲಭ. ಪಿಸಿಗೆ ಜಾವಾದಲ್ಲೇ ಬಿಡುಗಡೆ ಮಾಡಿ. ಕೈಯಲ್ಲಿ ಹಿಡಿದು ಆಡುವ ಅನುಭವ ಬೇಕೆಂದರೆ ಸ್ಟೀಮ್ ಡೆಕ್ ಇದೆ. ಅದು ಲಿನಕ್ಸ್ ಯಂತ್ರವಾದ್ದರಿಂದ ಜೆವಿಎಂ ಅಲ್ಲಿ ಓಡುತ್ತದೆ. ಕನ್ಸೋಲೇ ನಿಮ್ಮ ನಿಜವಾದ ಗುರಿಯಾದರೆ ಮುಂದಿನ ಆಟವನ್ನು ಸಿ#ನಲ್ಲಿ ಆರಂಭಿಸಿ. ಜಾವಾ ಬಲ್ಲವರಿಗೆ ಅದು ಬೇಗ ಕೈಹತ್ತುತ್ತದೆ, ಮತ್ತು ಯೂನಿಟಿ ಎಂಬ ಗೇಮ್ ಎಂಜಿನ್ನಿನಲ್ಲಿರುವ ಐಎಲ್2ಸಿಪಿಪಿ ಎಂಬ ಸಾಧನ ಆ ಸಂಕೇತವನ್ನು ಮೊದಲೇ ಸಿ++ಗೆ ಬದಲಿಸಿಕೊಡುವುದರಿಂದ ಕನ್ಸೋಲಿನ ನಿರ್ಬಂಧ ಅಡ್ಡ ಬರುವುದಿಲ್ಲ.

ಈ ವಾರ ಮಾಡಬೇಕಾದ ಕೆಲಸ ಒಂದೇ: ಕೋಣದ ವೇಗ, ಹಗ್ಗದ ಹಿಡಿತ, ನೀರು ನಿಶಾನೆಗೆ ತಾಗಿತೇ ಎಂಬ ಲೆಕ್ಕ, ಇವುಗಳಿರುವ ಫೈಲುಗಳಲ್ಲಿ ಲಿಬ್‌ಜಿಡಿಎಕ್ಸ್‌ನ ಹೆಸರೇ ಬಾರದಂತೆ ಬೇರ್ಪಡಿಸಿ. ಮುಂದೆ ಯಾವ ಭಾಷೆಗೆ ಹೋದರೂ ಆ ಭಾಗವನ್ನು ಸಾಲು ಸಾಲಾಗಿ ನೋಡಿಕೊಂಡೇ ಬರೆಯಬಹುದು.