ಫಿಯಟ್ ಡೋರ್ ಮೇಲೆ ತಿಕ್ಕುತ್ತೆ, ಕೆಳಗೆ ಕಿರುಬೆರಳು ಹೋಗುತ್ತೆ

ಕಲಬುರಗಿ_ಫಿಯಟ್: ಸಾಕಾಗಿ ಹೋಗಿದೆ. 1978ರ ಗಾಡಿ. ಡ್ರೈವರ್ ಕಡೆಯ ಡೋರ್ ಮೂರು ಸಲ ಬಿಚ್ಚಿ ಹಾಕಿಸಿದೆ. ಹಿಂದಿನ ಅಂಚಿನಲ್ಲಿ ಮೇಲೆ 2 ಮಿ.ಮೀ. ಗ್ಯಾಪ್, ಕೆಳಗೆ 9. ಮುಚ್ಚಿದಾಗಲೆಲ್ಲ 'ಕರ್' ಅಂತ ಮೂಲೆಯ ಪೇಂಟ್ ಎದ್ದು ಬರುತ್ತೆ. ಲಾಕಿನ ಕೊಂಡಿ ಮೇಲೆ ಸರಿಸಿದರೂ ಅಷ್ಟೇ.

ಬೀದರ್_ಅಣ್ಣ: ಹಿಂಜ್ ಪಿನ್ ಸವೆದಿದೆ. ಬೇರೆ ಏನೂ ಅಲ್ಲ.

ಕಲಬುರಗಿ_ಫಿಯಟ್: ಪಿನ್ ಹೊಸದು ಅಣ್ಣ.

ಬೀದರ್_ಅಣ್ಣ: ಲೇತಲ್ಲಿ ಮಾಡಿಸಿದ್ದಾ? ಪಿನ್ ಕೂರೋ ಬುಶ್ ಹಳೇದೇ ಇರಬೇಕು. ಅರ್ಧ ಮಿ.ಮೀ. ಸಡಿಲ ಇದ್ದರೂ ಡೋರಿನ ತುದಿ ಅದರ ಎರಡು ಮೂರು ಪಟ್ಟು ಇಳಿಯುತ್ತೆ.

ಅಂಬಿ_ಮಾರ್ಕ್2: 1978 ಅಂದರೆ ಪ್ರೀಮಿಯರ್ ಪದ್ಮಿನಿ. 1974ರಲ್ಲೇ ಹೆಸರು ಬದಲಾಯ್ತು, ಫಿಯಟ್ ಹೇಗಾಗುತ್ತೆ? ನನ್ನ ಅಂಬಾಸಿಡರ್ ಡೋರ್ ಒಂದು ಬೆರಳಲ್ಲಿ ಮುಚ್ಚುತ್ತೆ, ಎಲ್ಲಾ ಒರಿಜಿನಲ್. ನಿಮ್ಮದು ಚಾಸಿ, ಅಂದರೆ ಬಾಡಿ ಕೆಳಗಿನ ಚೌಕಟ್ಟು, ಬಾಗಿದೆ.

ಕಲಬುರಗಿ_ಫಿಯಟ್: ನಮ್ಮೂರಲ್ಲಿ ಎಲ್ಲರೂ ಫಿಯಟ್ ಅಂತಲೇ ಅನ್ನೋದು. ಡೋರ್ ಬಗ್ಗೆ ಹೇಳ್ರಿ.

ಯಾದಗಿರಿ_ಟಿಂಕರ್: ಪದ್ಮಿನಿಗೆ ಬೇರೆ ಚಾಸಿ ಎಲ್ಲಿದೆ? ಅಂಬಾಸಿಡರ್‌ಗೂ ಇಲ್ಲ. ಬಾಡಿಯೇ ಎಲ್ಲ ಭಾರ ಹೊರುತ್ತೆ. ಡೋರ್ ತೆರೆದು ತುದಿ ಹಿಡಿದು ಎತ್ತಿ ನೋಡಿ, ಹಿಂಜ್ ಹತ್ರ ಕದಲುತ್ತಾ? ಸಿಲ್, ಅಂದರೆ ಡೋರ್ ಕೆಳಗಿನ ಉದ್ದದ ತಗಡು, ಏನಾದರೂ ಮುಟ್ಟಿಸಿದ್ದೀರಾ?

ಕಲಬುರಗಿ_ಫಿಯಟ್: ಕದಲಲ್ಲ. ಸಿಲ್ ತುಕ್ಕು ತಿಂದಿತ್ತು, ಹೋದ ತಿಂಗಳು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಯಾದಗಿರಿ_ಟಿಂಕರ್: ಇದನ್ನು ಮೊದಲೇ ಹೇಳಬಾರದಾ! ಡೋರ್ ಬಿಚ್ಚಿ, ನಡುವೆ ಆಸರೆ ಕೊಡದೆ ಸಿಲ್ ಕತ್ತರಿಸಿದರೆ ಗಾಡಿಯ ನಡು ಜಗ್ಗುತ್ತೆ. ಡೋರಿನ ಚೌಕಟ್ಟು ಮೇಲೆ ಕಿರಿದಾಗುತ್ತೆ, ಕೆಳಗೆ ಅಗಲ ಆಗುತ್ತೆ. ಹಿಂಜ್ ಸವೆದರೂ ಇದೇ ಲಕ್ಷಣ, ಬೀದರ್ ಅಣ್ಣ ಎಡವಿದ್ದು ಅಲ್ಲೇ. ಕೊಂಡಿ ಬಿಚ್ಚಿಡಿ. ಅದು ಡೋರ್ ಹಿಡಿಯೋಕೆ, ಎತ್ತೋಕೆ ಅಲ್ಲ. ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಳೆದು ಎಡಗಡೆಯದಕ್ಕೆ ಹೋಲಿಸಿ. ಆಮೇಲೆ ಎರಡು ಡೋರ್ ನಡುವಿನ ಕಂಬದ ಕೆಳಗೆ ಮರದ ಹಲಗೆ ಇಟ್ಟು ಜ್ಯಾಕ್ ನಿಧಾನಕ್ಕೆ ಎತ್ತಿ, ಗ್ಯಾಪ್ ನೋಡಿ.

ಕಲಬುರಗಿ_ಫಿಯಟ್: ಅಂಗಳದ ಶಹಾಬಾದ್ ಕಲ್ಲಿನ ಮೇಲೆ ನಿಲ್ಲಿಸಿ ನೋಡಿದೆ. ಜ್ಯಾಕ್ ಏರಿಸಿದರೆ ಮೇಲೆ 4, ಕೆಳಗೆ 7. ಇಳಿಸಿದರೆ ಮತ್ತೆ 2, 9. ಮೂಲೆಯಿಂದ ಮೂಲೆಗೆ ಎಡಗಡೆಗಿಂತ 7 ಮಿ.ಮೀ. ವ್ಯತ್ಯಾಸ. ಹೊಸ ವೆಲ್ಡನ್ನೇ ಕತ್ತರಿಸಬೇಕಾ? ದುಡ್ಡು ಕೊಟ್ಟು ಇನ್ನೂ ತಿಂಗಳಾಗಿಲ್ಲ.

ಯಾದಗಿರಿ_ಟಿಂಕರ್: ಇಷ್ಟು ಕದಲುತ್ತೆ ಅಂದರೆ ಒಳಗಿನ ತಗಡೂ ಹೋಗಿದೆ, ಮೇಲೆ ಸುಮ್ನೆ ಹೊದಿಸಿದ್ದಾರೆ. ಕತ್ತರಿಸಲೇಬೇಕು. ಈ ಸಲ ನಡುವಿಗೆ ಆಸರೆ ಕೊಟ್ಟು, ಒಳಗಿನಿಂದ ಅಡ್ಡ ಪೈಪ್ ಟ್ಯಾಕ್ ಮಾಡಿ (ತಾತ್ಕಾಲಿಕವಾಗಿ ಚುಕ್ಕೆ ವೆಲ್ಡ್ ಹಾಕಿ), ಡೋರ್ ಹಾಕಿ ನೋಡುತ್ತಾ ವೆಲ್ಡ್ ಮಾಡಿಸಿ. ಹಿಂದಿನ ಡೋರ್ ಮೊದಲು ಕೂರಿಸಿ, ಅದರ ಪಕ್ಕದ ತಗಡನ್ನು ಸರಿಸೋಕೆ ಆಗಲ್ಲ. ಆಮೇಲೆ ಮುಂದಿನದು, ಕೊನೆಗೆ ಮಡ್‌ಗಾರ್ಡ್. ಡೋರ್ ಸುತ್ತಿನ ರಬ್ಬರ್ ಬೀಡಿಂಗ್ ಈಗಲೇ ಹಾಕಬೇಡಿ.

ಬೀದರ್_ಅಣ್ಣ: ಬುಶ್ ಒಮ್ಮೆ ನೋಡಿಸಿ.

ಅಂಬಿ_ಮಾರ್ಕ್2: ಅಂಬಾಸಿಡರ್ ಮಾರ್ಕ್ 2 ಗ್ರಿಲ್ ಯಾರ ಹತ್ರಾದರೂ ಇದೆಯಾ? ನನ್ನದು ತುಕ್ಕು ಹಿಡಿದಿದೆ.