ಸಹಾಯ ಬೇಕು: ಹಳೆ ಕಾಸರಗೋಡು ಸೀರೆಯಿಂದ ಕಿಟಕಿ ಪರದೆ
ಕುಂಬಳೆ, ಬದಿಯಡ್ಕ ಕಡೆಯ ಹೊಲಿಗೆ ಬಲ್ಲವರು ದಯವಿಟ್ಟು ಹೇಳಿ. ಕಿಟಕಿ 4 ಅಡಿ ಅಗಲ, ಪರದೆಯ ಉದ್ದ 54 ಇಂಚು. 5.5 ಮೀಟರ್ ಸೀರೆಯಿಂದ 60 ಇಂಚಿನ ಎರಡು ತುಂಡು ಕತ್ತರಿಸಿದರೆ ನೆರಿಗೆಗೆ ಬೇಕಾದಷ್ಟು ಅಗಲ ಸಿಗುತ್ತದೆ, ಅಂಚೂ ಎರಡು ಬದಿಗೆ ಚಂದ ಬರುತ್ತದೆ. ಮೇಲೆ ಸರಳಿಗೆ 3 ಇಂಚು, ಕೆಳಗೆ 2 ಇಂಚು ಮಡಿಕೆ. ಉಳಿದದ್ದು ದಿಂಬಿನ ಕವರಿಗೆ.

ತೊಂದರೆ ಇರುವುದು ಪಡುವಣ ಬಿಸಿಲಿನದ್ದು. ಹಳೆ ನೂಲು ಬೇಗ ಪಿಸಿಯುತ್ತದೆ, ಹಿಂದೆ ಪಂಚೆಯ ಅಸ್ತರು ಬೇಕೇ ಬೇಕು. ಎರಡನ್ನೂ ಮೊದಲೇ ಒಗೆದರೂ ಕೆಳಗೆ ಸೇರಿಸಿ ಹೊಲಿದರೆ ಸುಕ್ಕು ಬೀಳುತ್ತದೆ. ಅಸ್ತರನ್ನು ಮೇಲೆ ಮಾತ್ರ ಹೊಲಿದು ಕೆಳಗೆ ಬಿಡಬಹುದೇ?

ಇನ್ನೊಂದು: ಗೋಡೆಯ ಮುರಕಲ್ಲು (ಜಂಬಿಟ್ಟಿಗೆ) ಪುಡಿಯಾಗಿ ಸರಳಿನ ಸ್ಕ್ರೂ ಸಡಿಲವಾಗುತ್ತದೆ. ಮರದ ದಾರಂದಕ್ಕೇ (ಕಿಟಕಿ ಚೌಕಟ್ಟಿಗೆ) ಹೊಡೆದರೆ ಕಿಟಕಿ ಬಾಗಿಲು ತೆರೆಯಲು ಅಡ್ಡಿಯಾದೀತೇ?