ಗೊಂಬೆಯ ಹಕ್ಕು ಕೊಟ್ಟು ದುಡ್ಡು ತಗೊಳ್ಳೋದಾ? ಮಕ್ಕಳ ಕಾರ್ಯಕ್ರಮ ಮಾಡುವ ಸಣ್ಣ ತಂಡ ಬೆಳೆಯುವುದು ಹೇಗೆ?

ಹಾಳೆಕೊಕ್ಕು, ಸಾಗರ ಕಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಾವು ನಾಲ್ಕು ಜನ. ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೋ ಮಾಡಿ ಹೊಟ್ಟೆ ಹೊರೆಯುತ್ತೇವೆ. ಅದರ ಮಧ್ಯೆ ಬಿಡುವು ಸಿಕ್ಕಾಗಲೆಲ್ಲ, ಎರಡು ವರ್ಷದಿಂದ, ಯೂಟ್ಯೂಬಿಗೆ ಮಕ್ಕಳ ಗೊಂಬೆ ಕಾರ್ಯಕ್ರಮ ಮಾಡುತ್ತಿದ್ದೇವೆ. ಮುಖ್ಯ ಪಾತ್ರ ಒಂದು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ. ಎಲ್ಲದರಲ್ಲೂ ಕೊಕ್ಕು ತೂರಿಸುವುದೇ ಅದರ ಕೆಲಸ.

ಆ ಕೊಕ್ಕು ಅಡಿಕೆ ಹಾಳೆಯದು. ಪಕ್ಕದ ಮನೆಯ ಅಜ್ಜ ಹಾಳೆ ನೆನೆಸಿ, ಬಗ್ಗಿಸಿ, ದಾರ ಬಿಗಿದು, ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ ಮಾಡಿಕೊಟ್ಟಿದ್ದು. ಬೇಸಿಗೆಯಲ್ಲಿ ಟಕ್ ಟಕ್ ಅಂತ ಬಾಯಿ ಮುಚ್ಚುತ್ತದೆ. ಆಷಾಢ ಬಂತು ಅಂದರೆ ಥಂಡಿಗೆ ಹಾಳೆ ಸಡಿಲಾಗಿ ಬಾಯಿ ತೆರೆದೇ ಇರುತ್ತದೆ, ನಾಲ್ಕು ದಿನಕ್ಕೆ ಬೂಷ್ಟು ಬೇರೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮಾತು ರೆಕಾರ್ಡ್ ಮಾಡುವ ಹಾಗೇ ಇಲ್ಲ. ಕಂಬಳಿ ಹೊದ್ದುಕೊಂಡು, ಅದರೊಳಗೆ ಮೈಕ್ ಹಿಡಿದು ಡಬ್ ಮಾಡುತ್ತೇವೆ. ಊರಿನ ನಾಲ್ಕೈದು ಮಕ್ಕಳೂ ಪಾರ್ಟ್ ಮಾಡುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಒಂದು ಕಂಪನಿ ಫೋನ್ ಮಾಡಿತ್ತು. 26 ಕಂತು ಮಾಡಿಕೊಡಿ, ಕಂತಿಗೆ ಇಷ್ಟು ಅಂತ ಕೊಡುತ್ತೇವೆ ಅಂದರು. ನಿಜ ಹೇಳಬೇಕು ಅಂದರೆ ಅಷ್ಟು ದುಡ್ಡು ನಾವು ಒಟ್ಟಿಗೆ ನೋಡಿದ್ದೇ ಇಲ್ಲ. ಆದರೆ ಕಳಿಸಿದ ಅಗ್ರಿಮೆಂಟಿನಲ್ಲಿ ಒಂದು ಸಾಲಿದೆ. ಪಾತ್ರದ ಎಲ್ಲ ಹಕ್ಕು, ಶಾಶ್ವತವಾಗಿ, ಇಡೀ ಜಗತ್ತಿಗೆ, ಅವರದು.

ಕೊಟ್ಟರೆ ಒಂದು ಒಳ್ಳೆ ಕ್ಯಾಮೆರಾ, ಸೋರದ ಒಂದು ರೂಮು, ಒಬ್ಬ ಎಡಿಟರ್. ಕೊಡದಿದ್ದರೆ ಮತ್ತೆ ಮದುವೆ ಸೀಸನ್ ಕಾಯುವುದು. ಮಕ್ಕಳ ಟಿವಿ ಕಂಪನಿಗಳು ದೊಡ್ಡದಾಗಿದ್ದು ಹೇಗೆ ಅಂತ ಗೊತ್ತಿರುವವರು ಹೇಳಿ.

ಟ್ರೈಪಾಡ್, ತೀರ್ಥಹಳ್ಳಿ

ಮಾರಾಯ್ರೆ, ಕೊಟ್ಟುಬಿಡಿ. ಇದರಲ್ಲಿ ಯೋಚನೆ ಮಾಡುವುದು ಎಂತ ಇದೆ?

ನಾನೂ ಇದೇ ಕಸುಬಿನವನು, ನೇರವಾಗಿ ಹೇಳುತ್ತೇನೆ. ನಿಮ್ಮ ಮಂಗಟ್ಟೆ ಸಾಗರ ಹೊಸನಗರ ಬಿಟ್ಟು ಯಾರಿಗೆ ಗೊತ್ತು? ಯೂಟ್ಯೂಬ್ ನಂಬಿ ಕೂತರೆ ಮಕ್ಕಳ ಚಾನೆಲ್ಲಿಗೆ ದುಡ್ಡು ಹುಟ್ಟುವುದು ಕಷ್ಟ. 2019ರಲ್ಲಿ ಅಮೆರಿಕದಲ್ಲಿ ಮಕ್ಕಳ ಮಾಹಿತಿ ಸಂಗ್ರಹಿಸಿದ ಕೇಸಿನಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ದಂಡ ಕಟ್ಟಿದವು. 2020ರ ಜನವರಿಯಿಂದ ಮಕ್ಕಳ ವಿಡಿಯೋ ಅಂತ ಗುರುತು ಹಾಕಿದ್ದಕ್ಕೆ ನೋಡುವವರ ಅಭಿರುಚಿ ಹಿಡಿದು ತೋರಿಸುವ ಜಾಹೀರಾತು ಇಲ್ಲ, ಕಾಮೆಂಟ್ ಇಲ್ಲ. ಒಳ್ಳೆ ರೇಟಿನ ಜಾಹೀರಾತೇ ಇಲ್ಲದ ಮೇಲೆ ಎಷ್ಟು ವ್ಯೂ ಬಂದರೆ ಎಂತ?

ಹಕ್ಕಿ ಹೋದರೆ ಇನ್ನೊಂದು ಹಕ್ಕಿ ಮಾಡಿ. ಮಲೆನಾಡಿನಲ್ಲಿ ಹಕ್ಕಿಗೆ ಬರವಾ? ಆಗುಂಬೆ ನೋಡಿ. ಮಾಲ್ಗುಡಿ ಡೇಸ್ ಶೂಟಿಂಗ್ ಆಗಿ ಹೆಚ್ಚುಕಡಿಮೆ 40 ವರ್ಷ ಆಯ್ತು, ಈಗಲೂ ಜನ ಆ ಸೀರಿಯಲ್ಲಿನ ದೊಡ್ಡಮನೆ ಹುಡುಕಿಕೊಂಡು ಬರುತ್ತಾರೆ. ಅರಸಾಳು ರೈಲ್ವೆ ಸ್ಟೇಷನ್ನಿನಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಮೊದಲು ಹೆಸರು ಬರಲಿ, ಉಳಿದಿದ್ದು ಆಮೇಲೆ.

ಊರಿಗೆ ವಾಪಸ್, ಹೊಸನಗರ

ಟ್ರೈಪಾಡ್ ಅಣ್ಣ, ಆಗುಂಬೆಗೆ ಹೆಸರು ಬಂತು, ಸರಿ. ಅಲ್ಲೊಂದು ಕಂಪನಿ ಬೆಳೀತಾ? ಶೂಟಿಂಗ್ ಮುಗಿಸಿ ಅವರು ಗಂಟುಮೂಟೆ ಕಟ್ಟಿದರು, ಊರು ಊರಾಗೇ ಉಳಿಯಿತು. ತಪ್ಪು ಅಂತಲ್ಲ. ಆದರೆ ಇವರು ಕೇಳ್ತಿರೋದು ಊರಿನ ಹೆಸರಿನ ಬಗ್ಗೆ ಅಲ್ಲ, ಕಂಪನಿ ಬೆಳೆಯುವ ಬಗ್ಗೆ.

ನಾನು ಹನ್ನೊಂದು ವರ್ಷ ಅನಿಮೇಷನ್ ಸ್ಟುಡಿಯೋಗಳಲ್ಲಿ ದುಡಿದು ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ನಾನಿದ್ದ ಒಂದು ಸ್ಟುಡಿಯೋದಲ್ಲಿ ಬರೀ ಹೊರದೇಶದ ಸೀರಿಯಲ್‌ಗಳ ಕೆಲಸ. ಪಾತ್ರ ಅವರದು, ಕಥೆ ಅವರದು, ಕೈ ಮಾತ್ರ ನಮ್ಮದು. ಸೆಕೆಂಡಿಗೆ 25 ಫ್ರೇಮ್ ಹಿಡಿದರೆ 11 ನಿಮಿಷದ ಒಂದು ಕಂತಿಗೆ 16,500 ಫ್ರೇಮ್ ಆಗುತ್ತದೆ, ಲೆಕ್ಕ ಹಾಕಿ ನೋಡಿ. ಹಗಲು ರಾತ್ರಿ ಮಾಡಿದ್ದೇವೆ. ಒಂದು ಸೋಮವಾರ ಕಾಂಟ್ರಾಕ್ಟ್ ಮುಗಿಯಿತು ಅಂದರು. ಒಂದಿಡೀ ಮಹಡಿ ಖಾಲಿ ಆಯ್ತು. ಕಂಪನಿ ಹತ್ತಿರ ಕಂಪ್ಯೂಟರ್ ಇತ್ತು, ಜನ ಇದ್ದರು. ಮಾರುವುದಕ್ಕೆ ತನ್ನದು ಅಂತ ಒಂದು ಇಲಿಮರಿಯೂ ಇರಲಿಲ್ಲ.

ಇದಕ್ಕೆ ತಿರುಗಾ ಮುರುಗಾ ಉದಾಹರಣೆ ಹೈದರಾಬಾದಿನ ಗ್ರೀನ್ ಗೋಲ್ಡ್ ಅನ್ನುವ ಅನಿಮೇಷನ್ ಕಂಪನಿ. ರಾಜೀವ್ ಚಿಲಕ ಅದನ್ನು ಶುರು ಮಾಡಿದ್ದು 2001ರಲ್ಲಿ. ಅವರ ಛೋಟಾ ಭೀಮ್ ಪೋಗೋ ಚಾನೆಲ್ಲಿನಲ್ಲಿ ಬಂದಿದ್ದು 2008ರಲ್ಲಿ. ಏಳು ವರ್ಷ! ಲಡ್ಡು ತಿನ್ನುವ ಹುಡುಗ ಅವರದೇ ಪಾತ್ರ ಆಗಿದ್ದಕ್ಕೇ ಟಿವಿಯಿಂದ ಸಿನಿಮಾಕ್ಕೆ, ಟಿಫಿನ್ ಬಾಕ್ಸಿಗೆ, ಸ್ಕೂಲ್ ಬ್ಯಾಗಿಗೆ ಹೋಯ್ತು. 2019ರಲ್ಲಿ ಅದೇ ಭೀಮನನ್ನು ಅಂಬೆಗಾಲಿಡುವ ಮಗು ಮಾಡಿ ನೆಟ್‌ಫ್ಲಿಕ್ಸಿಗೆ ಕೊಟ್ಟರು. ಅದರಲ್ಲಿ ಮಾತೇ ಇಲ್ಲ. ಮಾತಿಲ್ಲದಿದ್ದರೆ ಡಬ್ಬಿಂಗ್ ತಲೆನೋವೂ ಇಲ್ಲ, ಯಾವ ದೇಶದ ಮಗು ಬೇಕಾದರೂ ನೋಡುತ್ತದೆ. ಬಾಯಿ ಮುಚ್ಚದ ನಿಮ್ಮ ಮಳೆಗಾಲದ ಮಂಗಟ್ಟೆಗೆ ಇದು ಸರಿಯಾಗಿ ಹೊಂದುತ್ತದೆ ಅನ್ನಿಸುತ್ತದೆ, ತಮಾಷೆಗೆ ಹೇಳ್ತಿಲ್ಲ.

ಇನ್ನೊಂದು ಮಾತು. ದೊಡ್ಡವರ ಸೀರಿಯಲ್ ಒಂದು ಸಲ ಹಾಕಿದರೆ ಹಳಸಿದ ಅನ್ನ. ಮಕ್ಕಳದ್ದು ಹಾಗಲ್ಲ. ಇವತ್ತಿನ ನಾಲ್ಕು ವರ್ಷದ ಮಗು ಎಂಟಾಗುವ ಹೊತ್ತಿಗೆ ಹೊಸ ನಾಲ್ಕು ವರ್ಷದವರು ಬಂದು ಕೂತಿರುತ್ತಾರೆ, ಹಳೇ ಕಂತು ಅವರಿಗೆ ಹೊಸದು. 26 ಕಂತಿನ ಬೆಲೆ ಈ ವರ್ಷದ್ದಲ್ಲ, ಇನ್ನು ಹದಿನೈದು ವರ್ಷದ್ದು. ಅದು ಗೊತ್ತಿರುವುದಕ್ಕೇ ಅವರು ಶಾಶ್ವತ ಅಂತ ಬರೆದಿರೋದು.

ಹಾಗಂತ ಬಾಗಿಲು ಹಾಕಬೇಡಿ. ಕನ್ನಡದಲ್ಲಿ, ಟಿವಿ ಮತ್ತು ಯೂಟ್ಯೂಬಿಗೆ, ಇಷ್ಟು ವರ್ಷಕ್ಕೆ ಅಂತ ಪ್ರಸಾರದ ಹಕ್ಕು ಮಾತ್ರ ಕೊಡ್ತೇವೆ ಅನ್ನಿ. ಗೊಂಬೆ, ಪುಸ್ತಕ, ಬೇರೆ ಭಾಷೆ ನಿಮ್ಮ ಹತ್ತಿರ ಇರಲಿ. ದುಡ್ಡು ಸ್ವಲ್ಪ ಕಡಿಮೆ ಆಗುತ್ತದೆ. ಆಗಲಿ.

ಬೆಲ್ಲದ ಕಡ್ಡಿ, ರಿಪ್ಪನ್‌ಪೇಟೆ ಹತ್ತಿರ

ನನಗೆ ಹಕ್ಕು ಪಕ್ಕು ಗೊತ್ತಾಗುವುದಿಲ್ಲ. ನಾನು ಅಂಗನವಾಡಿ ಟೀಚರ್. ಆದರೆ ನಿಮ್ಮ ಕಾರ್ಯಕ್ರಮ ನಮ್ಮ ಮಕ್ಕಳಿಗೆ ಮೊಬೈಲಿನಲ್ಲಿ ತೋರಿಸಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ಸೆಸಮಿ ಸ್ಟ್ರೀಟ್ ಅನ್ನುವ ಮಕ್ಕಳ ಟಿವಿ ಕಾರ್ಯಕ್ರಮದ ಬಗ್ಗೆ ಟ್ರೇನಿಂಗಿನಲ್ಲಿ ಒಬ್ಬರು ಹೇಳಿದ್ದರು, ಆಮೇಲೆ ನಾನೇ ಹುಡುಕಿ ಓದಿದೆ. 1968ರಲ್ಲಿ ಕಂಪನಿ ಕಟ್ಟಿದರು, ಜೋನ್ ಗಾಂಝ್ ಕೂನಿ ಅನ್ನುವ ಹೆಂಗಸು ಮತ್ತು ಲಾಯ್ಡ್ ಮಾರಿಸೆಟ್. ಸರ್ಕಾರದ್ದೂ ಟ್ರಸ್ಟುಗಳದ್ದೂ ಸೇರಿ 80 ಲಕ್ಷ ಡಾಲರ್ ಹೊಂದಿಸಿದರು. ಟಿವಿಯಲ್ಲಿ ಬಂದಿದ್ದು 1969ರ ನವೆಂಬರ್ 10ಕ್ಕೆ. ಅಷ್ಟರವರೆಗೆ ಏನು ಮಾಡಿದರು ಗೊತ್ತಾ? ಮಕ್ಕಳನ್ನು ಕೂರಿಸಿ ನೋಡಿದರು. ಒಂದು ಕಡೆ ಟಿವಿ, ಪಕ್ಕದಲ್ಲಿ ಸ್ಲೈಡ್ ತೋರಿಸುವ ಮಿಷನ್. ಏಳೂವರೆ ಸೆಕೆಂಡಿಗೆ ಒಂದು ಚಿತ್ರ ಬದಲಾಗುತ್ತದೆ. ಮಗು ಟಿವಿ ಬಿಟ್ಟು ಆ ಕಡೆ ಯಾವಾಗ ತಿರುಗುತ್ತದೋ ಅಲ್ಲಿ ಕಾರ್ಯಕ್ರಮ ಸೋತಿತು ಅಂತ ಬರೆದುಕೊಳ್ಳುವುದು. ಹಾಗೆ ನೋಡಿದಾಗಲೇ ಕಾರ್ಯಕ್ರಮದ ಬೀದಿಯಲ್ಲಿ ಬರೀ ದೊಡ್ಡವರು ಮಾತಾಡುವ ಜಾಗದಲ್ಲಿ ಮಕ್ಕಳು ಎದ್ದು ಹೋಗುತ್ತಾರೆ ಅಂತ ಗೊತ್ತಾಗಿದ್ದು. ಮನುಷ್ಯರ ಜೊತೆ ಗೊಂಬೆ ಬೆರೆಸಬೇಡಿ ಅಂತ ಪಂಡಿತರು ಹೇಳಿದ್ದನ್ನು ಪಕ್ಕಕ್ಕಿಟ್ಟು, ಬಿಗ್ ಬರ್ಡ್ ಅನ್ನುವ ದೊಡ್ಡ ಹಳದಿ ಹಕ್ಕಿಯನ್ನು ಬೀದಿಗೆ ಇಳಿಸಿದರು.

ನಮ್ಮಲ್ಲಿ ಸ್ಲೈಡ್ ಮಿಷನ್ ಎಲ್ಲಿಂದ ಬರಬೇಕು. ಕಿಟಕಿ ಇದೆ. ಕಿಟಕಿಯಾಚೆ ಹಲಸಿನ ಮರ, ಮರದಲ್ಲಿ ಮಂಗ. ನಿಮ್ಮ ಹಪ್ಪಳದ ಕಂತು ಹಾಕಿ ಹನ್ನೆರಡು ಮಕ್ಕಳನ್ನು ಕೂರಿಸಿ ನಾನು ಹಿಂದೆ ಕೂತೆ. ಮಂಗಟ್ಟೆ ಹಪ್ಪಳ ಕದಿಯಲು ಬಂದು ಕೊಕ್ಕು ಸಿಕ್ಕಿಹಾಕಿಕೊಳ್ಳುವ ತನಕ ಒಂದೂ ಮಗು ಅಲ್ಲಾಡಲಿಲ್ಲ. ಆಮೇಲೆ ಒಬ್ಬರು ಅಂಗಿ ಹಾಕಿದ ಮಾವ ಬಂದು ಕದಿಯಬಾರದು ಅಂತ ಬುದ್ಧಿ ಹೇಳುತ್ತಾರಲ್ಲ, ಒಂದೂವರೆ ನಿಮಿಷ? ಹನ್ನೆರಡರಲ್ಲಿ ಒಂಬತ್ತು ಮಕ್ಕಳು ಮಂಗ ನೋಡುತ್ತಿದ್ದವು. ಒಬ್ಬಳು ನನ್ನ ಬಳೆ ಎಣಿಸುತ್ತಿದ್ದಳು.

ದಯವಿಟ್ಟು ಆ ಮಾವನನ್ನು ತೆಗೆಯಿರಿ. ಬೇಜಾರಾದರೆ ಕ್ಷಮಿಸಿ.

ಲೆಕ್ಕಪತ್ರ, ಶಿವಮೊಗ್ಗ

ಎಲ್ಲರೂ ಕೊಡಬೇಕಾ ಬೇಡವಾ ಅಂತ ಚರ್ಚೆ ಮಾಡುತ್ತಿದ್ದೀರಿ. ನಾನು ಅದಕ್ಕೆ ಮೊದಲಿನ ಪ್ರಶ್ನೆ ಕೇಳುತ್ತೇನೆ. ಮಂಗಟ್ಟೆ ಈಗ ಯಾರದ್ದು? ಚಿತ್ರ ಬರೆದವರು ಯಾರು?

ಕೇಳಲು ಕಾರಣ ಇದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಮಾಲೀಕರದ್ದು. ಹೊರಗಿನವರು ಬರೆದುಕೊಟ್ಟ ಚಿತ್ರ ಸಾಮಾನ್ಯವಾಗಿ ಬರೆದವರದ್ದೇ. ಅದು ನಿಮ್ಮದಾಗಲು ಅವರು ಸಹಿ ಹಾಕಿದ ಬರವಣಿಗೆ ಬೇಕು. ಆ ಬರವಣಿಗೆಯಲ್ಲಿ ಎಷ್ಟು ವರ್ಷ ಅಂತ ಇಲ್ಲದಿದ್ದರೆ 5 ವರ್ಷ ಅಂತ ಲೆಕ್ಕ. ಎಲ್ಲಿಗೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ತಗೊಂಡವರು ಒಂದು ವರ್ಷ ಅದನ್ನು ಬಳಸದೆ ಸುಮ್ನೆ ಇಟ್ಟುಕೊಂಡರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ, ಹಕ್ಕು ಬಿದ್ದುಹೋಗುತ್ತದೆ. ಬೆಂಗಳೂರಿನವರು ಆ ಸಾಲನ್ನು ಹೇಗೆ ಬರೆದಿದ್ದಾರೆ ನೋಡಿ.

ಟೀಚರಮ್ಮ ಹೇಳಿದ ಕಂಪನಿಯ ಕಥೆಯಲ್ಲೂ ಇದು ಇದೆ. ಆ ಗೊಂಬೆಗಳು ಮೊದಲಿಗೆ ಕಾರ್ಯಕ್ರಮದ ಕಂಪನಿಯದ್ದಾಗಿರಲಿಲ್ಲ, ಗೊಂಬೆ ಮಾಡಿದ ಜಿಮ್ ಹೆನ್ಸನ್ ಹತ್ತಿರ ಇತ್ತು. ಆಟಿಕೆಯ ಆದಾಯ ಹಂಚಿಕೊಳ್ಳುತ್ತಿದ್ದರು. 2000ದಲ್ಲಿ ಹೆನ್ಸನ್ ಕಂಪನಿ ಒಂದು ಜರ್ಮನ್ ಕಂಪನಿಗೆ ಮಾರಾಟ ಆಯ್ತು. ಮೂವತ್ತು ವರ್ಷ ತಮ್ಮ ಕಾರ್ಯಕ್ರಮದಲ್ಲಿ ಬೆಳೆಸಿದ ಗೊಂಬೆಗಳನ್ನು ಸೆಸಮಿಯವರು ಅದೇ ವರ್ಷ ದುಡ್ಡು ಕೊಟ್ಟು ಕೊಂಡುಕೊಳ್ಳಬೇಕಾಯಿತು. ಅವರ ಹತ್ತಿರ ದುಡ್ಡಿತ್ತು.

ಹೆಸರಿಗೂ ಚಿತ್ರಕ್ಕೂ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ. ಸಣ್ಣ ಉದ್ದಿಮೆ ಅಥವಾ ವ್ಯಕ್ತಿ ಹೆಸರಲ್ಲಿ ಆನ್‌ಲೈನ್ ಹಾಕಿದರೆ ವರ್ಗಕ್ಕೆ 4,500 ರೂಪಾಯಿ, 10 ವರ್ಷಕ್ಕೆ. ಕಾರ್ಯಕ್ರಮಕ್ಕೆ 41ನೇ ವರ್ಗ, ಆಟಿಕೆಗೆ 28ನೇ ವರ್ಗ. ಸದ್ಯಕ್ಕೆ ಈ ಎರಡು ಸಾಕು.

ಊರ ಮಕ್ಕಳು ಪಾರ್ಟ್ ಮಾಡುತ್ತಾರೆ ಅಂದಿರಿ. ವ್ಯಾಪಾರವಾಗಿ ಮಾಡಲು ಹೊರಟರೆ ಅದಕ್ಕೂ ನಿಯಮ ಇದೆ. ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಇಲ್ಲ, ಬಿಡುವಿಲ್ಲದೆ 3 ಗಂಟೆಗಿಂತ ಜಾಸ್ತಿ ಇಲ್ಲ. ಮಗುವಿನ ಗಳಿಕೆಯ ಶೇಕಡ 20 ಆದರೂ ಅದರ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ. ಇದೆಲ್ಲ ಆಮೇಲೆ ನೋಡೋಣ ಅಂತ ಬಿಟ್ಟರೆ ಆಮೇಲೆ ನೋಡಲು ಬೇರೆಯವರೇ ಬರುತ್ತಾರೆ.

ಹಾಳೆಕೊಕ್ಕು, ಸಾಗರ ಕಡೆ

ಲೆಕ್ಕಪತ್ರ ಸರ್, ನಿಮ್ಮ ಮೊದಲ ಸಾಲು ಓದಿದಾಗಲೇ ಎದೆ ಧಸಕ್ ಅಂತು.

ಮಂಗಟ್ಟೆ ಚಿತ್ರ ಬರೆದಿದ್ದು ನಮ್ಮ ತಂಡದವರಲ್ಲ. ನಮ್ಮ ಪೈಕಿ ಒಬ್ಬನ ಅತ್ತೆ ಮಗಳು. ಹಸೆ ಚಿತ್ತಾರ ಬಿಡಿಸುವ ಮನೆಯ ಹುಡುಗಿ, ರೆಕ್ಕೆಯ ಮೇಲಿನ ಗೆರೆಗಳೆಲ್ಲ ಅದೇ ಚಿತ್ತಾರ. ಆಗ ಪಿಯುಸಿಯಲ್ಲಿದ್ದಳು, ಈಗ ಮೈಸೂರಿನಲ್ಲಿ ಓದುತ್ತಿದ್ದಾಳೆ. ಆ ಚಿತ್ರಕ್ಕೆ ನಾವು ಕೊಟ್ಟಿದ್ದು ಒಂದು ಮಸಾಲೆ ದೋಸೆ. ಚೀಟಿ ಇಲ್ಲ, ಸಹಿ ಇಲ್ಲ. ಅಂದರೆ ಶಾಶ್ವತ, ಇಡೀ ಜಗತ್ತಿಗೆ ಅಂತ ನಾನು ಸಹಿ ಹಾಕಲು ಹೊರಟಿದ್ದು ಇನ್ನೊಬ್ಬರ ಹಕ್ಕಿಗೆ.

ನಿನ್ನೆ ಫೋನ್ ಮಾಡಿದೆ. ಎಲ್ಲ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಣ್ಣ, ಬರೆದುಕೊಡ್ತೇನೆ, ಆದರೆ ಐದನೇ ಪಾಲುದಾರಳಾಗಿ" ಅಂದಳು. ನಾವು ನಾಲ್ವರೂ ಕೂತು ಮಾತಾಡಿದೆವು. ಒಬ್ಬನಿಗೆ ಸ್ವಲ್ಪ ಕಸಿವಿಸಿ ಇದೆ, ಮುಚ್ಚಿಡುವುದು ಯಾಕೆ. ಉಳಿದ ಮೂವರು ಸರಿ ಅಂದಿದ್ದೇವೆ. ನವರಾತ್ರಿ ರಜೆಗೆ ಬಂದಾಗ ಕಾಗದ ಮಾಡಿಸುವುದು.

ಬೆಂಗಳೂರಿನವರಿಗೆ ಹೊಸನಗರದ ಅಣ್ಣ ಹೇಳಿದ ಹಾಗೆ ಮೇಲ್ ಮಾಡಿದ್ದೇನೆ. ಕನ್ನಡ ಮಾತ್ರ, 5 ವರ್ಷ, ಆಟಿಕೆ ನಮ್ಮದು. ಉತ್ತರ ಬಂದಿಲ್ಲ. ಟ್ರೈಪಾಡ್ ಅಣ್ಣ, ಅವರು ಒಲ್ಲೆ ಅಂದರೆ ಮಾಘದಲ್ಲಿ ನಿಮ್ಮ ಕಡೆ ಮದುವೆ ಜಾಸ್ತಿ ಇದ್ದರೆ ಎರಡನೇ ಕ್ಯಾಮೆರಾಕ್ಕೆ ಕರೆಯಿರಿ.

ಟೀಚರಮ್ಮ, ಆ ಅಂಗಿ ಹಾಕಿದ ಮಾವ ನಾನೇ. ತೆಗೆದಿದ್ದೇನೆ.

ಬೆಲ್ಲದ ಕಡ್ಡಿ, ರಿಪ್ಪನ್‌ಪೇಟೆ ಹತ್ತಿರ

ಅಯ್ಯೋ ದೇವರೇ! ಪಾರ್ಟ್ ಚೆನ್ನಾಗಿತ್ತು ಅಣ್ಣ, ಮಂಗ ಇನ್ನೂ ಚೆನ್ನಾಗಿತ್ತು ಅಷ್ಟೇ. ಹೊಸ ಕಂತು ಕಳಿಸಿ, ಸೋಮವಾರ ಕಿಟಕಿ ತೆರೆದಿಟ್ಟೇ ತೋರಿಸುತ್ತೇನೆ.